ಗುಡ್ಡಪ್ಪನವರ ಹೊಟ್ಟೆನೋವು

ಅಮಾವಾಸ್ಯೆಯ ಮಾರನೇ ದಿನ ನಮ್ಮ ಆಸ್ಪತ್ರೆಗೆ ಎಂಥ ಕಾಯಿಲೆಗಳು ಬರುತ್ತವೆ ಎಂಬುದು ನನಗೆ ಬಾಯಿಪಾಠ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋದವರ ಅಂಗಾಲಿನ ಬೊಬ್ಬೆ, ತಾಳಬೆಟ್ಟದ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟವರ ವಾಂತಿ, ಸುಸ್ತು, ಭೇದಿ. ಕೊಳ್ಳೇಗಾಲದ ಪೇಟೆಯೊಳಗಿನ ಸಣ್ಣ ಆಸ್ಪತ್ರೆ ನಮ್ಮದು. ಫಿಸಿಶಿಯನ್ ಅಂತ ಇದ್ದವಳು ನಾನೊಬ್ಬಳೇ ಆದ್ದರಿಂದ ಹೊಟ್ಟೆನೋವು ಅಂದವರೆಲ್ಲ ನನ್ನ ಪಾಲು. ಹೊಟ್ಟೆನೋವಿನ ಬಗ್ಗೆ ನನಗೆ ಮೊದಲಿನಿಂದಲೂ ಅಪನಂಬಿಕೆ. ಜ್ವರ ಸುಳ್ಳು ಹೇಳುವುದಿಲ್ಲ, ಕೆಮ್ಮೂ ಅಷ್ಟಾಗಿ ಹೇಳುವುದಿಲ್ಲ. ಹೊಟ್ಟೆ ಮಾತ್ರ ಒಂದು ಕಡೆ ನೋಯುತ್ತದೆ, ಇನ್ನೊಂದು ಕಡೆ ಕೆಟ್ಟಿರುತ್ತದೆ.

ಆ ದಿನ ಬೆಳಿಗ್ಗೆ ಎರಡು ಹೊಟ್ಟೆನೋವುಗಳು ಬೆನ್ನುಬೆನ್ನಿಗೆ ಬಂದು ಅಕ್ಕಪಕ್ಕದ ಮಂಚ ಹಿಡಿದವು.

ಮೊದಲನೆಯವನು ಯಳಂದೂರಿನ ಗಾರೆ ಕೆಲಸದವನು. ಇನ್ನೂ ನಲವತ್ತು ಮುಟ್ಟದ ವಯಸ್ಸು, ಎಣಿಸಬಹುದಾದ ಪಕ್ಕೆಲುಬು. ಹೊಟ್ಟೆ ಹಿಡಿದುಕೊಂಡು ವಾರ್ಡಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಕುಡಿತೀಯೇನಪ್ಪ ಎಂದು ಕೇಳಿದ್ದಕ್ಕೆ ಕೂಗುವುದನ್ನು ಅರೆಗಳಿಗೆ ನಿಲ್ಲಿಸಿ, ಕುಡಿಯದೆ ಗಾರೆ ಕಲಸುವವನನ್ನು ನೀವು ಎಲ್ಲಾದರೂ ನೋಡಿದ್ದೀರಾ ಎಂದು ನನ್ನನ್ನೇ ಕೇಳಿದ.

ಎರಡನೆಯವರು ಅಜ್ಜೀಪುರದ ಕಡೆಯವರು. ಐವತ್ತು ದಾಟಿದ ಎತ್ತರದ ಆಳು, ಮುಂದೆ ಬಂದ ಹೊಟ್ಟೆ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಅವರ ಹೆಂಡತಿ ಬಟ್ಟೆಯ ಚೀಲವೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಚೀಲದೊಳಗೆ ಕಂಚಿನ ಕಂಸಾಳೆ ಇತ್ತು. ಯಾರೂ ಹೇಳದೆಯೇ ನನಗೆ ಗೊತ್ತಾಯಿತು, ಇವರು ದೇವರಗುಡ್ಡರು. ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದು, ಕಂಸಾಳೆ ಹಿಡಿದು ಅವನ ಕತೆ ಹಾಡುತ್ತ ಮನೆಮನೆಗೆ ಭಿಕ್ಷಕ್ಕೆ ಬರುವವರು. ನಾನೂ ಈ ಸೀಮೆಯವಳೇ, ಯಳಂದೂರಿನವಳು. ಸೋಮವಾರ ಕಂಸಾಳೆಯ ಸದ್ದು ಬೀದಿಯ ತುದಿಯಲ್ಲಿ ಕೇಳಿದರೆ ನಮ್ಮಜ್ಜಿ ಮೊರದಲ್ಲಿ ರಾಗಿ ತುಂಬಿ ನನ್ನ ಕೈಗೆ ಕೊಟ್ಟು ಬಾಗಿಲಿಗೆ ಓಡಿಸುತ್ತಿದ್ದರು. ವಾರ್ಡಿನಲ್ಲಿ ಎಲ್ಲರೂ ಅವರನ್ನು ಗುಡ್ಡಪ್ಪನವರು ಎಂದೇ ಕರೆದೆವು. ಅವರು ಕೂಗುತ್ತಿರಲಿಲ್ಲ. ಮಂಡಿಯನ್ನು ಎದೆಗೆ ಎಳೆದುಕೊಂಡು, ಹಲ್ಲು ಕಚ್ಚಿ, ಬೆನ್ನಿಗೆ ಮೊಳೆ ಹೊಡೆದಂಗೆ ಆಗ್ತದೆ ಎಂದಷ್ಟೇ ಹೇಳಿದರು.

ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹೊಡೆಯುತ್ತದೆ, ವಾಂತಿ ನಿಲ್ಲುತ್ತಿಲ್ಲ ಎಂದರೆ ಕೆಲವು ವಿಷಯಗಳನ್ನು ಒಂದೊಂದಾಗಿ ತಳ್ಳಿಹಾಕುತ್ತ ಬರಬೇಕು. ಇಸಿಜಿ ತೆಗೆಸಿದೆ, ಹೃದಯದ್ದಲ್ಲ. ನಿಲ್ಲಿಸಿ ಎಕ್ಸ್‌ರೇ ತೆಗೆಸಿದೆ, ಕರುಳು ತೂತಾಗಿಲ್ಲ. ಉಳಿಯುವುದು ಮೇದೋಜೀರಕ ಗ್ರಂಥಿಯ ಉರಿಯೂತ, ಡಾಕ್ಟರುಗಳ ಬಾಯಲ್ಲಿ ಪ್ಯಾಂಕ್ರಿಯಾಟೈಟಿಸ್. ಜಠರದ ಹಿಂದೆ ಅಡಗಿ ಕೂತ ಈ ಗ್ರಂಥಿ ಊಟ ಅರಗಿಸುವ ರಸ ತಯಾರಿಸುತ್ತದೆ. ಅದು ಕೆರಳಿದರೆ ಆ ರಸವೇ ಅದನ್ನು ಅರಗಿಸಲು ತೊಡಗುತ್ತದೆ. ಆಗ ರಕ್ತದಲ್ಲಿ ಅಮೈಲೇಸ್ ಎಂಬ ಅಂಶ ಏರುತ್ತದೆ. ಗಾರೆಯವನ ಅಮೈಲೇಸ್ ನಮ್ಮ ಲ್ಯಾಬಿನ ಮಿಷನ್ನು ಹೆದರುವಷ್ಟು ಮೇಲಿತ್ತು. ಗುಡ್ಡಪ್ಪನವರದು ಸರಿಯಾಗಿಯೇ ಇತ್ತು. ಸಕ್ಕರೆ ಮಾತ್ರ ನಾನೂರು ದಾಟಿತ್ತು. ಸಕ್ಕರೆ ಕಾಯಿಲೆ ಉಂಟು, ಹನೂರಿನಿಂದ ಮಾತ್ರೆ ತರುತ್ತೇವೆ ಎಂದು ಮನೆಯವರು ಹೇಳಿದರು.

ಹೀಗಾಗಿ ಆ ದಿನವೆಲ್ಲ ನನ್ನ ಕಣ್ಣು ಗಾರೆಯವನ ಮೇಲೆಯೇ ಇತ್ತು. ಇಬ್ಬರಿಗೂ ಬಾಯಿಗೆ ಏನೂ ಕೊಡಬೇಡಿ ಎಂದು ಹೇಳಿ, ಡ್ರಿಪ್ ಹಾಕಿಸಿ, ನೋವಿಗೆ ಇಂಜೆಕ್ಷನ್ ಬರೆದೆ. ಗುಡ್ಡಪ್ಪನವರ ಸಕ್ಕರೆಗೆ ಆಗಾಗ ಒಂದಿಷ್ಟು ಇನ್ಸುಲಿನ್ ಚುಚ್ಚಲು ಹೇಳಿದೆ. ಲೈಪೇಸ್ ಎಂಬ ಇನ್ನೊಂದು ಪರೀಕ್ಷೆ ನಮ್ಮಲ್ಲಿ ಆಗುವುದಿಲ್ಲ, ಮೈಸೂರಿಗೆ ಕಳಿಸಬೇಕು. ಇಬ್ಬರ ರಕ್ತವನ್ನೂ ಕಳಿಸಿದೆ.

ಮಾರನೇ ಬೆಳಿಗ್ಗೆ ಮೈಸೂರಿನ ಉತ್ತರ ಬಂತು. ಗುಡ್ಡಪ್ಪನವರದೂ ಅದೇ ಕಾಯಿಲೆ, ಆದರೆ ಅಂಕಿ ಗಾರೆಯವನ ಅರ್ಧದಷ್ಟೂ ಇಲ್ಲ. ಸೌಮ್ಯ ಅಂದುಕೊಂಡೆ. ಹಾಗಂದುಕೊಂಡು ವಾರ್ಡಿಗೆ ಹೋದರೆ ಎಲ್ಲ ತಲೆಕೆಳಗಾಗಿತ್ತು. ಗಾರೆಯವನು ಎದ್ದು ಕೂತು, ಒಂದು ಲೋಟ ಟೀ ಕೊಡದಿದ್ದರೆ ಡ್ರಿಪ್ ಕಿತ್ತುಕೊಂಡು ಹೋಗುತ್ತೇನೆ ಎಂದು ನರ್ಸನ್ನು ಹೆದರಿಸುತ್ತಿದ್ದ. ಗುಡ್ಡಪ್ಪನವರ ಹೊಟ್ಟೆ ಉಬ್ಬಿ ಬಿಗಿದಿತ್ತು. ಉಸಿರು ಮೇಲೆ ಮೇಲೆ ಆಡುತ್ತಿತ್ತು. ಮೂತ್ರದ ಚೀಲದ ತಳದಲ್ಲಿ ಕಡುಹಳದಿ ನೀರು ಇಷ್ಟೇ ಇಷ್ಟು. ದೊಡ್ಡ ಅಂಕಿಯವನು ಟೀ ಕೇಳುತ್ತಾನೆ, ಸಣ್ಣ ಅಂಕಿಯವರು ಕೈಬಿಟ್ಟು ಹೋಗುತ್ತಿದ್ದಾರೆ. ಇದು ಹೇಗೆ ಎಂದು ನನಗೆ ತಿಳಿಯಲಿಲ್ಲ.

ಈ ಕಾಯಿಲೆಗೆ ಕಾರಣ ಹುಡುಕುವಾಗ ನಾವು ಮೊದಲು ನೋಡುವುದು ಎರಡೇ. ಪಿತ್ತಕೋಶದ ಕಲ್ಲು, ಇಲ್ಲವೇ ಕುಡಿತ. ಸ್ಕ್ಯಾನಿಂಗಿನಲ್ಲಿ ಕಲ್ಲು ಇರಲಿಲ್ಲ. ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಕೊಬ್ಬು ತುಂಬಿದೆ ಎಂದಿತ್ತು, ಅದು ಈಗ ಅರ್ಧ ಊರಿಗೆ ಇದೆ. ಉಳಿದದ್ದು ಕುಡಿತ. ನಾನು ಅವರ ಮಂಚದ ಪಕ್ಕ ಕೂತು, ಆದಷ್ಟು ಮೆತ್ತಗೆ ಕೇಳಿದೆ. ಗುಡ್ಡಪ್ಪನವರು ನನ್ನನ್ನು ಒಮ್ಮೆ ನೋಡಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಉತ್ತರ ಕೊಟ್ಟವನು ಪಕ್ಕದಲ್ಲಿದ್ದ ಅವರ ಬಾಮೈದ.

"ದೇವರಗುಡ್ಡುನ್ನ ಈ ಮಾತ ಕೇಳ್ತಾರಾ ಮೇಡಮ್ಮಾ? ಕುಡ್ದವ ಕಂಸಾಳೆ ಮುಟ್ಟಂಗಿಲ್ಲ. ನೀವು ಈ ಸೀಮೆಯೋರಲ್ವಾ?"

ಈ ಸೀಮೆಯವಳೇ. ಆದರೆ ಈ ಸೀಮೆಯಲ್ಲಿ ಕುಡಿಯುವುದಿಲ್ಲ ಎಂದು ದೇವರ ಮೇಲೆ ಆಣೆಯಿಟ್ಟವರ ಈಲಿಯನ್ನೂ ನೋಡಿದವಳು. ಆದ್ದರಿಂದ ಮಧ್ಯಾಹ್ನ ಇನ್ನೊಮ್ಮೆ, ಹೆಂಡತಿಯೂ ಬಾಮೈದನೂ ಇಬ್ಬರೂ ಇದ್ದಾಗ, ಸುತ್ತಿ ಬಳಸಿ ಕೇಳಿದೆ. ಯಾವಾಗಲಾದರೂ, ಮದುವೆಯಲ್ಲೋ, ಯಾರಾದರೂ ಬಲವಂತ ಮಾಡಿದಾಗಲೋ. ಇಲ್ಲ ಎಂದು ಹೆಂಡತಿ ತಲೆಯಾಡಿಸಿದರು.

ಅದರ ಜೊತೆಗೆ ಲ್ಯಾಬಿನವನ ಕಾಟ. ಇವರ ಸ್ಯಾಂಪಲ್ ಸರಿಯಿಲ್ಲ, ಮತ್ತೆ ಕಳಿಸಿ ಎಂದು ಹೇಳಿಕಳಿಸುತ್ತಲೇ ಇದ್ದ. ಕಳಿಸಿದರೆ ಒಂದಕ್ಕೊಂದು ತಾಳೆಯಾಗದ ಫಲಿತಾಂಶ ಬರುತ್ತಿತ್ತು. ಸೋಡಿಯಂ ಅಂದರೆ ರಕ್ತದ ಉಪ್ಪಿನಂಶ ನೂರಾ ಹದಿನೈದು ಎಂದು ಬಂತು. ಅಷ್ಟು ಇಳಿದವರು ಪ್ರಜ್ಞೆ ತಪ್ಪಿ ಬಿದ್ದಿರಬೇಕು, ಇವರು ಹೆಂಡತಿಗೆ ಚೀಲ ನೆಲದ ಮೇಲೆ ಇಡಬೇಡ ಎಂದು ಹೇಳುತ್ತಿದ್ದರು. ಉಪ್ಪುನೀರಿನ ಗಟ್ಟಿ ಡ್ರಿಪ್ ಕೊಡಬೇಕೆ, ಬೇಡವೆ? ಕೊಟ್ಟು ಅದು ಸುಳ್ಳಾದರೆ ಮೆದುಳಿಗೆ ಅಪಾಯ, ಕೊಡದೆ ಅದು ನಿಜವಾದರೂ ಅಪಾಯ. ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದೆ. ನರ್ಸ್ ನನ್ನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರಿಗೆ ಗೊತ್ತಿಲ್ಲ ಎಂಬುದು ವಾರ್ಡಿಗೆ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಮೂರನೆಯ ಸಲ ನಾನು ಕೇಳಿದ್ದು ಹೆಂಡತಿಯೊಬ್ಬರನ್ನೇ, ಕಾರಿಡಾರಿನ ಕುಡಿಯುವ ನೀರಿನ ನಲ್ಲಿಯ ಹತ್ತಿರ. ನನ್ನ ದನಿಯಲ್ಲಿ ತಾಳ್ಮೆ ಇರಲಿಲ್ಲ. ಮುಚ್ಚಿಟ್ಟರೆ ಅವರ ಜೀವಕ್ಕೇ ತೊಂದರೆ, ನಿಜ ಹೇಳಿದರೆ ನನಗೆ ಮದ್ದು ಕೊಡಲು ಅನುಕೂಲ ಅಂದೆ. ಅವರು ತುಂಬಿಸುತ್ತಿದ್ದ ಬಾಟಲಿ ತುಂಬಿ ಹರಿಯಿತು. ನಲ್ಲಿ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ನೆಲ ನೋಡುತ್ತ ಹೇಳಿದರು.

"ಊಂ ಕನವ್ವ. ಕುಡೀತಿದ್ರು."

"ಎಷ್ಟು ದಿನದಿಂದ?"

"ನೀವೆಷ್ಟು ಅಂತೀರೋ ಅಷ್ಟು ದಿವ್ಸದಿಂದ."

ಈ ಮಾತು ಇವತ್ತು ಬರೆಯುವಾಗ ನನ್ನ ಕಿವಿಗೆ ರಾಚುತ್ತದೆ. ಆವತ್ತು ರಾಚಲಿಲ್ಲ. ಆವತ್ತು ನನಗಾದದ್ದು ನೆಮ್ಮದಿ. ಎರಡು ದಿನದ ಗೋಜಲಿಗೆ ಒಂದು ದಾರ ಸಿಕ್ಕಿತು, ಹಿಡಿದು ಎಳೆದೆ. ಕೇಸ್ ಶೀಟಿನಲ್ಲಿ ಮದ್ಯಪಾನ ಎಂದು ಬರೆದೆ. ಹಾಗೆ ಬರೆದ ಮೇಲೆ ಉಳಿದದ್ದೆಲ್ಲ ಅದರ ಹಿಂದೆಯೇ ಸಾಲಾಗಿ ಬಂದು ನಿಂತಿತು. ಸಂಜೆ ಹೊತ್ತಿಗೆ ಗುಡ್ಡಪ್ಪನವರು ಚಡಪಡಿಸತೊಡಗಿದ್ದರು. ಡ್ರಿಪ್ಪಿನ ನಳಿಕೆ ಎಳೆಯುತ್ತಿದ್ದರು, ಕತೆಯ ಸಾಲುಗಳನ್ನು ಹಿಂದುಮುಂದಾಗಿ ಗೊಣಗುತ್ತಿದ್ದರು. ಕುಡಿತ ನಿಂತ ಎರಡು ಮೂರು ದಿನಕ್ಕೆ ಹೀಗಾಗುವುದು ಮಾಮೂಲು. ಅದಕ್ಕೆ ಮತ್ತು ಬರಿಸಿ ಮಲಗಿಸುವ ಇಂಜೆಕ್ಷನ್ ಉಂಟು. ಹೇಳಿದೆ. ನರ್ಸ್ ಸಿರಿಂಜಿಗೆ ತುಂಬಿಕೊಂಡಳು. ಹಳೆಯ ನರ ಊದಿಕೊಂಡಿದ್ದರಿಂದ ಹೊಸದನ್ನು ಹುಡುಕತೊಡಗಿದಳು.

ಆಗ ಲ್ಯಾಬಿನಿಂದ ಮತ್ತೆ ಫೋನು. ಇದೂ ಸರಿಯಿಲ್ಲ ಮೇಡಂ, ಇನ್ನೊಂದು ಕಳಿಸಿ. ನನಗೆ ರೇಗಿಹೋಯಿತು. ಒಬ್ಬ ಮನುಷ್ಯನ ಮೈಯಲ್ಲಿ ನಿನಗೆ ಬೇಕಾದಷ್ಟು ರಕ್ತ ಎಲ್ಲಿಂದ ತರಲಿ ಎಂದು ಮುಖದ ಮೇಲೇ ಕೇಳೋಣ ಅಂತ ಕೆಳಗಿಳಿದು ಹೋದೆ. ಅವನು ಸ್ಟ್ಯಾಂಡಿನಿಂದ ಒಂದು ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದ. ಮಿಷನ್ನಿನಲ್ಲಿ ತಿರುಗಿಸಿದ ಮೇಲೆ ಕೆಂಪು ಕೆಳಗೆ ಕೂತು, ಮೇಲೆ ತಿಳಿ ಹಳದಿ ನೀರು ನಿಲ್ಲಬೇಕು. ಇದರಲ್ಲಿ ಹಾಲು ನಿಂತಿತ್ತು. ಎಮ್ಮೆಹಾಲಿನಂಥ ಗಟ್ಟಿ ಬಿಳುಪು.

ಊಟ ಮಾಡಿದ ತಕ್ಷಣ ತೆಗೆದರೆ ಸ್ವಲ್ಪ ಹೀಗಾಗುತ್ತದೆ, ಅದಕ್ಕೇ ಬೇರೆ ಕೇಳುತ್ತಿದ್ದೆ ಎಂದ ಅವನು. ಅವರು ಎರಡು ದಿನದಿಂದ ಏನೂ ತಿಂದಿಲ್ಲ ಎಂದೆ ನಾನು.

ರಕ್ತದಲ್ಲಿ ಓಡಾಡುವ ಕೊಬ್ಬಿಗೆ ಟ್ರೈಗ್ಲಿಸರೈಡ್ ಎಂದು ಹೆಸರು. ನೂರೈವತ್ತರೊಳಗೆ ಇದ್ದರೆ ಒಳ್ಳೆಯದು. ಅದು ಸಾವಿರ ದಾಟಿದರೆ ಮೇದೋಜೀರಕ ತಾನೇ ಕೆರಳಬಹುದು. ಕಲ್ಲು ಬೇಡ, ಕುಡಿತವೂ ಬೇಡ. ಅಷ್ಟು ಕೊಬ್ಬಿರುವ ರಕ್ತದಲ್ಲಿ ಅಮೈಲೇಸ್ ಏರಿದ್ದರೂ ಮಿಷನ್ನಿಗೆ ಕಾಣದೆ ಹೋಗಬಹುದು, ಸೋಡಿಯಂ ನಿಜವಾಗಿ ಇಳಿಯದಿದ್ದರೂ ಇಳಿದಂತೆ ಕಾಣಬಹುದು. ಇದೆಲ್ಲ ನಾನು ಓದಿದ್ದೇ. ಆದರೆ ಓದಿದ್ದು ಕಣ್ಣೆದುರು ಬಂದಾಗ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ನೀರು ಬೆರೆಸಿ ತೆಳು ಮಾಡಿ ಟ್ರೈಗ್ಲಿಸರೈಡ್ ನೋಡು ಎಂದು ಅವನಿಗೆ ಹೇಳುತ್ತಿರುವಾಗ ಸಿರಿಂಜು ನೆನಪಾಯಿತು. ಚಡಪಡಿಕೆ ಕುಡಿತ ಬಿಟ್ಟದ್ದರಿಂದ ಅಲ್ಲದಿದ್ದರೆ ಮತ್ತೆ ಯಾತರಿಂದ?

ಮೆಟ್ಟಿಲು ಹತ್ತಿ ಓಡಿದೆ. ನರ್ಸ್ ನರ ಹಿಡಿದಿದ್ದಳು, ಸೂಜಿ ಇನ್ನೂ ಒಳಗೆ ಹೋಗಿರಲಿಲ್ಲ. ನಿಲ್ಲಿಸಿ, ಅವರ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದೆ. ಎಂಬತ್ತಾರು. ಮಧ್ಯಾಹ್ನ ತೊಂಬತ್ತನಾಲ್ಕು ಇತ್ತು. ಅವರು ಚಡಪಡಿಸುತ್ತಿದ್ದದ್ದು ಗಾಳಿಗಾಗಿ. ಆ ಹೊತ್ತಿನಲ್ಲಿ ಮತ್ತು ಬರಿಸಿದ್ದರೆ ಆ ಉಸಿರೂ ಮಲಗಿಬಿಡುತ್ತಿತ್ತು. ಮಾಸ್ಕ್ ಹಾಕಿ ಆಕ್ಸಿಜನ್ ತಿರುಗಿಸಿ, ತಲೆಯ ಕಡೆ ಮಂಚ ಎತ್ತಿಸಿದೆ. ಅಂಕಿ ನಿಧಾನವಾಗಿ ತೊಂಬತ್ತು ದಾಟಿತು.

ಕುಡಿತದಿಂದಲೂ ರಕ್ತದ ಕೊಬ್ಬು ಏರುತ್ತದೆ. ಹಾಗಾಗಿ ಗೋಜಲು ಪೂರಾ ಬಿಟ್ಟಿರಲಿಲ್ಲ. ಹೆಂಡತಿಯನ್ನು ಮತ್ತೆ ಹೊರಗೆ ಕರೆದೆ. ಈ ಸಲ ಕುಡಿತದ ಮಾತು ಎತ್ತಲಿಲ್ಲ. ಸಕ್ಕರೆ ಮಾತ್ರೆ ಸರಿಯಾಗಿ ನುಂಗುತ್ತಿದ್ದರಾ ಎಂದು ಕೇಳಿದೆ. ಅದಕ್ಕೆ ಅವರ ಕಣ್ಣಲ್ಲಿ ನೀರು ಬಂತು, ನಡೆದದ್ದನ್ನೆಲ್ಲ ಹೇಳಿದರು.

ಶಿವರಾತ್ರಿ ಕಳೆದ ಮೇಲೆ ಪರಗಳ ಕಾಲ. ಹರಕೆ ತೀರಿದ ಮನೆಯವರು ಮಾದಪ್ಪನ ಹೆಸರಿನಲ್ಲಿ ಊರಿಗೆ ಹಾಕುವ ಊಟಕ್ಕೆ ಪರ ಎನ್ನುತ್ತಾರೆ. ಗುಡ್ಡಪ್ಪ ಬಂದು ಹಾಡಿ, ಮೊದಲ ಎಲೆಗೆ ಕೂತು ಉಂಡ ಮೇಲೆಯೇ ಉಳಿದವರು ಉಣ್ಣುವುದು. ಆ ವರ್ಷ ಕರೆಗಳು ಹೆಚ್ಚು. ಹಾಡಿ ಮುಗಿಯುವ ತನಕ ಇವರಿಗೆ ಉಪವಾಸ. ಒಮ್ಮೆ ಖಾಲಿ ಹೊಟ್ಟೆಗೆ ಸಕ್ಕರೆ ಮಾತ್ರೆ ನುಂಗಿ, ಕಂಸಾಳೆ ಎಸೆದು ಹಿಡಿಯುವಾಗ ಕಣ್ಣು ಕತ್ತಲಿಟ್ಟು ಬಿದ್ದಿದ್ದರಂತೆ. ದೇವರ ಕೆಲಸ ಮುಗಿಯುವ ತನಕ ಮದ್ದು ಬೇಡ ಎಂದು ಅವತ್ತೇ ಬಿಟ್ಟರು. ಉಪವಾಸದ ಮೇಲೆ ಎಲೆ ತುಂಬ ಅನ್ನ, ಪಾಯಸ, ಕಜ್ಜಾಯ. ಮೊದಲ ಎಲೆಯವರು ಅರ್ಧಕ್ಕೆ ಎದ್ದರೆ ಹರಕೆಯ ಮನೆಯವರು ನೊಂದುಕೊಳ್ಳುತ್ತಾರೆ, ಆದ್ದರಿಂದ ಬಡಿಸಿದ್ದಷ್ಟನ್ನೂ ಉಂಡು ಏಳಬೇಕು. ಸಂಜೆ ಇನ್ನೊಂದು ಮನೆ. ಕಡಿವಾಣವಿಲ್ಲದ ಸಕ್ಕರೆ ಕಾಯಿಲೆಯ ಮೈ ಇಷ್ಟೊಂದು ಸಿಹಿಯನ್ನು ಏನು ಮಾಡಬೇಕೆಂದು ತಿಳಿಯದೆ ಕೊಬ್ಬು ಮಾಡಿ ರಕ್ತಕ್ಕೆ ಬಿಟ್ಟಿತ್ತು.

ಮತ್ತೆ ಕುಡಿತ? ಕುಡಿಯುತ್ತಿದ್ದರು ಅಂದಿರಲ್ಲ ಎಂದು ಕೇಳಿದೆ.

"ಅವ್ರ ಬಾಯ್ಗೆ ಒಂದ್ ತೊಟ್ಟು ಬಿದ್ದಿದ್ರೆ ನನ್ ಕಣ್ಣು ಓಗ್ಲಿ. ಊರಲ್ಲಿ ಕಾಯ್ಲೆ ಬಿದ್ರೆ ಪೂಜಾರಪ್ಪ ತಪ್ಪೇನು ಏಳು ಅಂತಾರೆ. ಒಪ್ಕಂಡು ತಪ್ಪುಕಾಣ್ಕೆ ಕಟ್ಟುದ್ರೆ ದೇವ್ರು ಬುಡ್ತಾನೆ. ನೀವು ಕೇಳ್ದ್ರಿ, ಇಲ್ಲ ಅಂದೊ. ಆಮೇಕೂ ಕೇಳ್ದ್ರಿ. ಮೂರ್ನೆ ದಪ ಕೇಳ್ದಾಗ, ಒಪ್ಕಂಡ್ರೇನೇ ಮದ್ದು ಕೊಡೋದು ಅಂತ ಅನ್ಕಂಡಿ ಕನವ್ವ."

ನಮ್ಮಜ್ಜಿಯೂ ತಪ್ಪುಕಾಣಿಕೆ ಕಟ್ಟುತ್ತಿದ್ದರು. ಅರಿಶಿನದ ಬಟ್ಟೆಯಲ್ಲಿ ಕಾಸು ಗಂಟು ಹಾಕಿ, ಏನು ತಪ್ಪು ಎಂದು ಗೊತ್ತಿಲ್ಲದಿದ್ದರೂ ತಪ್ಪಾಯ್ತಪ್ಪ ಎಂದು ದೇವರ ಮುಂದೆ ಇಡುತ್ತಿದ್ದರು. ಅದೇ ಮಾತನ್ನು ಈಕೆ ನನ್ನ ಮುಂದೆ ಇಟ್ಟಿದ್ದರು, ನಾನು ಅದನ್ನು ರೋಗಚರಿತ್ರೆ ಎಂದು ಬರೆದುಕೊಂಡಿದ್ದೆ. ಒಳಗೆ ಹೋಗಿ ಕೇಸ್ ಶೀಟಿನ ಆ ಸಾಲು ಹೊಡೆದುಹಾಕಿದೆ.

ಟ್ರೈಗ್ಲಿಸರೈಡ್ ಫಲಿತಾಂಶ ಬಂತು. ನಾಲ್ಕು ಸಾವಿರದ ಮೇಲೆ. ಮೈಸೂರಿನ ಹಿರಿಯ ಡಾಕ್ಟರಿಗೆ ಫೋನ್ ಮಾಡಿದೆ. ಅವರ ಐಸಿಯುವಿನಲ್ಲಿ ಮಂಚ ಖಾಲಿಯಾಗುವುದು ನಾಳೆ. ರಕ್ತದಿಂದ ಕೊಬ್ಬನ್ನು ಸೋಸಿ ತೆಗೆಯುವ ಮಿಷನ್ನೂ ಅಲ್ಲೇ ಇರುವುದು. ಈಗಲೇ ಅಂಬುಲೆನ್ಸಿನಲ್ಲಿ ಹಾಕಿ ಕಳಿಸಿದರೆ ದಾರಿಯಲ್ಲಿ ಉಸಿರು ಸೋಲಬಹುದು, ಹೋಗಿ ಬಾಗಿಲಲ್ಲಿ ಕಾಯಬೇಕಾಗಬಹುದು. ಇಲ್ಲೇ ಇಟ್ಟುಕೊಂಡರೆ ನನ್ನ ಹತ್ತಿರ ಇರುವುದು ಇನ್ಸುಲಿನ್ ಮಾತ್ರ. ಆಗಾಗ ಚುಚ್ಚುವುದಲ್ಲ, ಬಿಡದೆ ಡ್ರಿಪ್ಪಿನಲ್ಲಿ ಹರಿಸಿದರೆ ಅದು ಕೊಬ್ಬನ್ನೂ ಇಳಿಸುತ್ತದೆ. ನೀನು ನೋಡುತ್ತಿರುವವಳು, ನೀನೇ ತೀರ್ಮಾನ ಮಾಡು ಅಂದರು ಅವರು. ಹಿರಿಯರು ಕೈತೊಳೆದುಕೊಳ್ಳುವುದು ಹೀಗೆಯೇ ಎಂದು ಬೈದುಕೊಂಡೆ, ಆದರೆ ಅವರು ಹೇಳಿದ್ದು ಸರಿ. ಮಾಸ್ಕಿನಲ್ಲಿ ಆಕ್ಸಿಜನ್ ಅಂಕಿ ತೊಂಬತ್ತರ ಮೇಲೆ ಇರುವ ತನಕ ಇಲ್ಲೇ, ಇಳಿದರೆ ಆ ಕ್ಷಣವೇ ಮೈಸೂರು ಎಂದು ತೀರ್ಮಾನಿಸಿ ಅಂಬುಲೆನ್ಸನ್ನು ಗೇಟಿನಲ್ಲಿ ನಿಲ್ಲಿಸಿಕೊಂಡೆ.

ಬಾಮೈದ ಅಡ್ಡ ನಿಂತ. ಅದುವರೆಗೆ ಚುಚ್ಚುತ್ತಿದ್ದದ್ದು ಇನ್ಸುಲಿನ್ ಎಂದು ಅವನಿಗೆ ಗೊತ್ತಿರಲಿಲ್ಲ. ಒಮ್ಮೆ ಶುರುಮಾಡಿದರೆ ಸಾಯುವ ತನಕ ಬಿಡುವಂತಿಲ್ಲವಂತೆ ಎಂದ. ಮಾಸ್ಕಿನೊಳಗಿಂದ ಗುಡ್ಡಪ್ಪನವರೇ ಕೈಯೆತ್ತಿ ಅವನನ್ನು ಸುಮ್ಮನಿರಿಸಿದರು.

ಆಮೇಲಿನದು ಬರೀ ಕಾಯುವ ಕೆಲಸ. ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡುವುದು. ಸಕ್ಕರೆ ಇಳಿದ ಮೇಲೂ ಇನ್ಸುಲಿನ್ ನಿಲ್ಲಿಸುವಂತಿಲ್ಲ, ಯಾಕೆಂದರೆ ಕೊಡುತ್ತಿರುವುದು ಕೊಬ್ಬಿಗಾಗಿ. ಆದ್ದರಿಂದ ಜೊತೆಗೆ ಗ್ಲೂಕೋಸ್ ಬಾಟಲಿಯನ್ನೂ ನೇತುಹಾಕಬೇಕು. ಅದನ್ನು ನೋಡಿ ಬಾಮೈದ ಮತ್ತೆ ಬಂದ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ನೀರು ಯಾಕೆ ಎಂಬುದು ಅವನ ಪ್ರಶ್ನೆ. ವಿವರಿಸುವಾಗ ನನಗೇ ಅದು ವಿಚಿತ್ರವಾಗಿ ಕೇಳಿಸಿತು. ಪೊಟ್ಯಾಸಿಯಂ ಇಳಿಯದಂತೆ ಕಾಯಬೇಕು. ಡ್ರಿಪ್ ಕಡಿಮೆಯಾದರೆ ಕಿಡ್ನಿ ಒಣಗುತ್ತದೆ, ಹೆಚ್ಚಾದರೆ ಶ್ವಾಸಕೋಶ ತುಂಬುತ್ತದೆ, ಎರಡರ ನಡುವೆ ಎಲ್ಲಿ ನಿಲ್ಲಬೇಕೆಂದು ಯಾವ ಪುಸ್ತಕವೂ ಆ ಒಬ್ಬ ಮನುಷ್ಯನಿಗೆ ಅಂತ ಬರೆದಿರುವುದಿಲ್ಲ. ಮಾರನೇ ದಿನ ಮೈಸೂರಿನಲ್ಲಿ ಮಂಚ ಖಾಲಿಯಾಯಿತು ಎಂದು ಫೋನು ಬಂತು. ಅಷ್ಟರಲ್ಲಿ ಮೂತ್ರದ ಚೀಲದ ಬಣ್ಣ ತಿಳಿಯಾಗಿ, ಮಟ್ಟ ಏರುತ್ತಿತ್ತು. ಇನ್ನೊಂದು ದಿನ ನೋಡುತ್ತೇನೆ ಎಂದೆ. ಲ್ಯಾಬಿನವನು ಪ್ರತಿದಿನ ಟ್ಯೂಬ್ ತಂದು ತೋರಿಸುತ್ತಿದ್ದ. ಹಾಲು ಮಜ್ಜಿಗೆಯಾಯಿತು, ಮಜ್ಜಿಗೆ ತಿಳಿನೀರಾಯಿತು.

ಗಾರೆಯವನು ಅದಕ್ಕೂ ಮೊದಲೇ ಇಡ್ಲಿ ತಿಂದು, ಇನ್ನು ಕುಡಿಯುವುದಿಲ್ಲ ಎಂದು ನನಗೂ ನರ್ಸಿಗೂ ಕೈಮುಗಿದು ಮನೆಗೆ ಹೋದ. ಒಂದೇ ಕಾಯಿಲೆ ಒಬ್ಬನನ್ನು ಮುಟ್ಟಿ ಬಿಟ್ಟು, ಇನ್ನೊಬ್ಬರನ್ನು ಹಿಡಿದು ಅಲ್ಲಾಡಿಸಿದ್ದು ಯಾಕೆ ಎಂದು ಹಿರಿಯ ಡಾಕ್ಟರನ್ನು ಕೇಳಿದೆ. ಕಿಡಿ ಒಂದೇ, ಬಿದ್ದದ್ದು ಎಲ್ಲಿಗೆ ನೋಡು ಎಂದರು. ಬರಿ ನೆಲಕ್ಕೆ ಬಿದ್ದರೆ ಆರುತ್ತದೆ, ಹುಲ್ಲಿನ ಮೆದೆಗೆ ಬಿದ್ದರೆ ಊರು ಸುಡುತ್ತದೆ. ಹೊಟ್ಟೆಯೊಳಗಿನ ಬೊಜ್ಜು, ಹಳೆಯ ಸಕ್ಕರೆ, ರಕ್ತದ ಕೊಬ್ಬು, ಇವೇ ಆ ಮೆದೆ. ಕೆರಳಿದ ಗ್ರಂಥಿಯ ರಸ ಆ ಕೊಬ್ಬನ್ನು ಒಡೆದಾಗ ಬರುವ ವಿಷ ಶ್ವಾಸಕೋಶ, ಕಿಡ್ನಿಯ ತನಕ ಹೋಗುತ್ತದೆ. ಅಂಕಿ ಎಷ್ಟು ದೊಡ್ಡದು ಎಂಬುದಕ್ಕೂ ಕಾಯಿಲೆ ಎಷ್ಟು ಜೋರು ಎಂಬುದಕ್ಕೂ ನಂಟಿಲ್ಲ. ಅರ್ಥವಾಯಿತು ಅಂದೆ. ಪೂರ್ತಿ ಆಗಿರಲಿಲ್ಲ. ತೆಳ್ಳಗಿನ ಕುಡುಕರು ಇದೇ ಕಾಯಿಲೆಯಲ್ಲಿ ಸತ್ತದ್ದನ್ನೂ ನಾನು ನೋಡಿದ್ದೇನೆ.

ಗುಡ್ಡಪ್ಪನವರು ಮಾಸ್ಕ್ ಇಲ್ಲದೆ ಕೂತು ಗಂಜಿ ಕುಡಿಯುವ ಹೊತ್ತಿಗೆ ಇನ್ನೊಂದು ತೊಂದರೆ ಎದ್ದಿತ್ತು. ಹೆಂಡತಿ ನೀರಿನ ನಲ್ಲಿಯ ಹತ್ತಿರ ಹೇಳಿದ್ದನ್ನು ಊರಿನವರೊಬ್ಬರು ಕೇಳಿಸಿಕೊಂಡಿದ್ದರು. ಗುಡ್ಡಪ್ಪ ಕುಡಿದು ಆಸ್ಪತ್ರೆ ಸೇರಿದ್ದಾನೆ ಎಂಬ ಮಾತು ನಮ್ಮ ಗೇಟು ದಾಟಿ ಅವರಿಗಿಂತ ಮೊದಲೇ ಊರು ಮುಟ್ಟಿತು. ಊರಿನ ಹಿರಿಯರು ಬಂದು ನೋಡಿ, ಕ್ಷೇಮ ಕೇಳಿ, ಹೋಗುವಾಗ ಕಂಸಾಳೆಯ ಚೀಲವನ್ನು ತೆಗೆದುಕೊಂಡು ಹೋದರು. ಕುಡಿದದ್ದಕ್ಕೆ ಗುಡಿಯಲ್ಲಿ ತಪ್ಪುಕಾಣಿಕೆ ಕಟ್ಟಿದ ಮೇಲೆ ಕೊಡುವುದು ಅಂತ ಮಾತಾಯಿತು. ನಾನು ಅವರಿಗೆ ಹಾಲಿನಂಥ ರಕ್ತದ ವಿಷಯ ಹೇಳಿದೆ. ಮರ್ಯಾದೆಯಿಂದ ಕೇಳಿಕೊಂಡರು. ಹೆಂಡತಿಯೇ ಒಪ್ಪಿಕೊಂಡಿದ್ದಾಳಲ್ಲ ಮೇಡಮ್ಮಾ ಎಂದರು.

ಕಟ್ಟಿಬಿಡೋಣ ಎಂದು ಹೆಂಡತಿಯೂ ಹೇಳತೊಡಗಿದ್ದು ನನ್ನನ್ನು ಕಂಗೆಡಿಸಿತು. ತಾನು ಒಪ್ಪಿಕೊಂಡ ಮೇಲಲ್ಲವೇ ಇವರಿಗೆ ಉಸಿರು ತಿರುಗಿದ್ದು ಎಂದು ಅವರ ವಾದ. ಅದು ಆಕ್ಸಿಜನ್, ಅದು ಇನ್ಸುಲಿನ್ ಎಂದು ನಾನಂದೆ. ಸೂಜಿ ಚುಚ್ಚುವ ಹೊತ್ತಿಗೆ ಸರಿಯಾಗಿ ನಿಮ್ಮನ್ನು ಕೆಳಗೆ ಕರೆಸಿ ಆ ರಕ್ತ ತೋರಿಸಿದವರು ಯಾರು ಎಂದು ಅವರು ಕೇಳಿದರು. ಲ್ಯಾಬಿನವನು ಅನ್ನಬೇಕೆಂದುಕೊಂಡೆ, ಅನ್ನಲಿಲ್ಲ. ಈ ಜನರ ಹತ್ತಿರ ವಾದ ಗೆಲ್ಲುವುದು ನನ್ನಿಂದ ಎಂದೂ ಆಗಿಲ್ಲ. ಗುಡ್ಡಪ್ಪನವರು ಮಾತ್ರ ಕದಲಲಿಲ್ಲ.

"ಕುಡೀದವ್ನು ಕುಡ್ದೆ ಅಂತ ಮಾದಪ್ಪನ ಮುಂದೇನೆ ಸುಳ್ಳು ಏಳ್ಬುಟ್ರೆ, ನಾಳಿಕ್ಕೆ ಯಾವ್ ಬಾಯಲ್ಲಿ ಅವನ ಪದ ಏಳ್ಲಿ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, ತಾನು ಕುಡಿದಿಲ್ಲ ಎಂದು ನಮ್ಮ ಮಿಷನ್ನು ಹೇಳುತ್ತದೆಯೇ ಎಂದು ಕೇಳಿದರು. ಇಷ್ಟು ದಿನದ ಮೇಲೆ ನಮ್ಮಲ್ಲಿರುವ ಯಾವ ಮಿಷನ್ನೂ ಹೇಳುವುದಿಲ್ಲ ಅಂದೆ. ಅವರ ಮುಖ ಸಪ್ಪಗಾಯಿತು. ನನಗೆ ನಾಚಿಕೆಯಾಯಿತು.

ಮನೆಗೆ ಕಳಿಸುವ ದಿನ ಇನ್ಸುಲಿನ್ ಹಾಕಿಕೊಳ್ಳುವುದನ್ನು ಕಲಿಸಿ, ಕೊಬ್ಬು ಇಳಿಸುವ ಮಾತ್ರೆ ಬರೆದುಕೊಟ್ಟ ಮೇಲೆ ಗುಡ್ಡಪ್ಪನವರು ಕೇಳಿದರು. ಕುಡಿತದ ತಪ್ಪಿಗಲ್ಲದಿದ್ದರೆ, ಇಷ್ಟೆಲ್ಲ ಆದದ್ದು ಯಾವ ತಪ್ಪಿಗೆ? ಕಾಯಿಲೆ ಅಂದರೆ ತಪ್ಪಿಗೆ ಬರುವುದಲ್ಲ ಎಂದು ಹೇಳಹೊರಟವಳು, ಇವರಿಗೆ ಬೇಕಿರುವುದು ಆ ಉತ್ತರವಲ್ಲ ಎನಿಸಿ ತಡೆದೆ. ಹೇಳಲೇಬೇಕೆಂದರೆ ಮದ್ದು ಬಿಟ್ಟದ್ದು ಒಂದು, ಬಡಿಸಿದ್ದನ್ನೆಲ್ಲ ಉಂಡದ್ದು ಇನ್ನೊಂದು ಅಂದೆ.

"ಮದ್ದು ಬುಟ್ಟಿದ್ದು ದಿಟ. ಅದ್ಕೆ ಕಟ್ತೀನಿ" ಎಂದರು.

ಅದನ್ನು ಊರು ಒಪ್ಪುತ್ತದೆಯೇ ಎಂಬುದು ನನಗೆ ಗೊತ್ತಿರಲಿಲ್ಲ. ಮದ್ದು ಬಿಟ್ಟದ್ದಕ್ಕೆ ತಪ್ಪುಕಾಣಿಕೆ ಕಟ್ಟಿದವರ ವಿಷಯ ನಾನಂತೂ ಕೇಳಿರಲಿಲ್ಲ. ಕಂಸಾಳೆ ಕೈಗೆ ಬಾರದಿದ್ದರೆ ಈ ಮನುಷ್ಯ ಬದುಕಿದ್ದೂ ಏನು ಮಾಡುತ್ತಾರೆ ಎಂದು ಆಮೇಲಿನ ದಿನಗಳಲ್ಲಿ ಹಲವು ಸಲ ಯೋಚಿಸಿದೆ.

ಮರುಪರೀಕ್ಷೆಗೆ ಬರಹೇಳಿದ ದಿನ ಇಬ್ಬರೂ ಬಂದರು. ಹೊಟ್ಟೆ ಒಂದಿಷ್ಟು ಕರಗಿತ್ತು. ರಕ್ತ ತಿಳಿಯಾಗಿತ್ತು. ಪರದ ಮನೆಗಳಲ್ಲಿ ಈಗ ಹೆಂಡತಿ ಪಕ್ಕದಲ್ಲೇ ಕೂರುತ್ತಾರಂತೆ, ಎಲೆಗೆ ಒಂದು ಚಮಚ ಪಾಯಸ ಬೀಳುತ್ತಿದ್ದಂತೆ ಕೈ ಅಡ್ಡ ಹಿಡಿಯುತ್ತಾರಂತೆ. ಪರದ ಮನೆಗೆ ಹೋಗುತ್ತಾರೆ ಅಂದರೆ? ನಾನು ಹೆಂಡತಿಯ ಕಡೆ ನೋಡಿದೆ. ಬಟ್ಟೆಯ ಚೀಲ ಅವರ ಮಡಿಲಲ್ಲಿತ್ತು.

ಗುಡಿಯಲ್ಲಿ ಏನಾಯಿತೆಂದು ಅವರೇ ಹೇಳಿದರು. ಉಳಿದ ಗುಡ್ಡರೂ ಊರಿನವರೂ ಸೇರಿದ್ದರು. ಗುಡ್ಡಪ್ಪನವರು ಗಂಟು ಇಟ್ಟು, ಮದ್ದು ಬಿಟ್ಟಿದ್ದೆ ತಪ್ಪಾಯ್ತು ಎಂದರು. ಪೂಜಾರಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. ಗಂಡನನ್ನು ಬಿಟ್ಟು ಹೆಂಡತಿಯನ್ನು ಮುಂದೆ ಕರೆದರು.

"ಕುಡ್ದಿದ್ನೇನವ್ವ ಅಂತ ಕೇಳುದ್ರು. ಇಲ್ಲ ಅಂದಿ. ಮಾದಪ್ಪನ ಮುಂದೆ ನಿಂತಿದ್ದೀಯೆ, ಕುಡ್ದಿದ್ನಾ ಅಂತ ಇನ್ನೊಂದ್ ದಪ ಕೇಳುದ್ರು. ಇಲ್ಲ ಅಂದಿ."

ಮೂರನೆಯ ಸಲ ಕೇಳಿದಾಗ ಏನಂದಿರಿ ಎಂದು ನಾನು ಕೇಳಿದೆ.

ಅವರು ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡರು.

"ಮೂರ್ನೆ ದಪ ಅವ್ರು ಕೇಳ್ನಿಲ್ಲ ಕನವ್ವ."